ಅಡುಗೆಯವರಿಗೆ ಒಂದು ಸೀಟು ಪುಕ್ಕಟೆ

ಹಡಗಿನ ವಿಚಾರ ಮೊದಲು ಬಂದದ್ದು ಭಾರತಿಯ ಬಾಯಿಂದ. ರೋಣದ ಮನೆಯ ಹಿತ್ತಿಲಲ್ಲಿ ಹಿಟ್ಟಿನ ಕೈ ತೊಳೆಯುತ್ತ, ಪಕ್ಕದ ಮನೆಯ ಮಾಬೂಬಿ ತೋರಿಸಿದ ಮೊಬೈಲ್ ವಿಡಿಯೋ ನೋಡಿದಳು. ಗೋವೆಯಿಂದ ಹೊರಟು ಎರಡು ರಾತ್ರಿ ಸಮುದ್ರದ ಮೇಲಿದ್ದು ತಿರುಗಿ ಗೋವೆಗೇ ಬರುವ ಪ್ರವಾಸಿ ಹಡಗು. ಈಜುಕೊಳ, ದೀಪ, ಕುಣಿತ ಯಾವುದನ್ನೂ ಆಕೆ ಎರಡನೇ ಸಲ ನೋಡಲಿಲ್ಲ. ಊಟದ ಹಾಲ್ ಬಂದಾಗ ಮಾತ್ರ "ಹಿಂದಕ್ಕ ತಗೋ" ಎಂದಳು. ಬಿಳಿ ಟೊಪ್ಪಿಗೆಯ ಗಂಡಸರು ಸಾಲಾಗಿ ನಿಂತು ಬಡಿಸುತ್ತಿದ್ದರು. ಬಡಿಸಿಕೊಂಡ ಹೆಂಗಸೊಬ್ಬಳು ಕುರ್ಚಿಯಲ್ಲಿ ಕುಳಿತು ಉಣ್ಣುತ್ತಿದ್ದಳು. ನಡುವೆ ಒಮ್ಮೆಯೂ ಏಳಲಿಲ್ಲ.

"ಎರಡ ದಿನ ಒಲಿ ಮುಖಾ ನೋಡಲಾರದಂಗ ಇದ್ದು ಬರಬೇಕು ನೋಡ, ಮಾಬೂಬಿ," ಎಂದಳು ಭಾರತಿ.

ಮದುವೆಯಾಗಿ ಮೂವತ್ತೆರಡು ವರ್ಷಗಳಲ್ಲಿ ಆಕೆ ಒಲೆಯಿಂದ ದೂರ ಇದ್ದದ್ದು ಮೂರು ಸಲ. ಎರಡು ಹೆರಿಗೆ, ಒಂದು ಗರ್ಭಕೋಶದ ಆಪರೇಷನ್. ಆಪರೇಷನ್ ಆದ ಮೂರನೇ ದಿನ ಗಂಡ ಅಮರೇಶ ದವಾಖಾನೆಗೆ ಬಂದು, ಮಂಚದ ಪಕ್ಕ ನಿಂತು, ಸಾಸಿವೆ ಡಬ್ಬಿ ಎಲ್ಲಿದೆ ಎಂದು ವಿಚಾರಿಸಿದ್ದ. ಹೆಂಡತಿಯ ಆರೋಗ್ಯ ವಿಚಾರಿಸಲು ಗಂಡ ಖುದ್ದಾಗಿ ಬಂದಿದ್ದನೆಂದು ಓಣಿಯವರು ಹೊಗಳಿದರು.

ವಿಡಿಯೋ ನೋಡಿದ ದಿನ ರಾತ್ರಿ ಊಟಕ್ಕೆ ಕೂತ ಗಂಡನಿಗೆ ಭಾರತಿ ಹಡಗಿನ ಮಾತು ಹೇಳಿದಳು. ಅಮರೇಶ ಬೇಡ ಎನ್ನಲಿಲ್ಲ. ಅದಕ್ಕಿಂತ ದೊಡ್ಡ ಅಪಾಯವಾಯಿತು. ಆತನಿಗೆ ಆಸಕ್ತಿ ಹುಟ್ಟಿತು.

ಅಮರೇಶ ಗ್ರಾಮ ಪಂಚಾಯ್ತಿ ಕಾರ್ಯದರ್ಶಿಯಾಗಿ ಹತ್ತಾರು ಊರು ತಿರುಗಿ ನಿವೃತ್ತನಾದವನು. ಮೂರು ಕೊಟೇಶನ್ ಇಲ್ಲದೆ ಬೀದಿದೀಪದ ಬಲ್ಬನ್ನೂ ಕೊಂಡವನಲ್ಲ. ಹಡಗಿಗೂ ಮೂರು ಕಂಪನಿಗಳಿಂದ ಕೊಟೇಶನ್ ತರಿಸಿದ. ನೀಲಸಾಗರ, ಜಲರಾಣಿ, ಸೀ ಮಯೂರ. ದೊಡ್ಡ ಹಾಳೆಯ ಮೇಲೆ ಗೆರೆ ಎಳೆದು ಮೂರನ್ನೂ ಪಕ್ಕ ಪಕ್ಕ ಬರೆದ. ಸರಕಾರಿ ಪದ್ಧತಿಯಂತೆ ನಾಲ್ಕನೆಯ ಕಾಲಂ ಒಂದಿರಬೇಕು, ಅದರಲ್ಲಿ ಈಗಿರುವುದರ ವಿವರ ಬರಬೇಕು. ಅದಕ್ಕೆ "ಹಾಲಿ ವ್ಯವಸ್ಥೆ" ಎಂದು ತಲೆಬರಹ ಕೊಟ್ಟ.

ದಿನಾ ಸಂಜೆ ನಾಲ್ಕಕ್ಕೆ ಮನೆಯ ಕಟ್ಟೆಯ ಮೇಲೆ ಸಭೆ. ಅಮರೇಶನ ಅಕ್ಕ ಮಾನವ್ವನ ಗಂಡ ಕಳಕೇಶ, ಗಜೇಂದ್ರಗಡದಲ್ಲಿ ಬೀಜದ ಅಂಗಡಿ ಮಗನಿಗೆ ಬಿಟ್ಟುಕೊಟ್ಟವನು, ಬಸ್ಸು ಹಿಡಿದು ಬರುತ್ತಿದ್ದ. ಮಾಬೂಬಿಯ ಗಂಡ ರಮಜಾನಸಾಬ ಪಕ್ಕದ ಮನೆಯಿಂದ ಬರುತ್ತಿದ್ದ. ಅವನು ನರಗುಂದ ತಾಲೂಕಿನಲ್ಲಿ ಅಮರೇಶನ ಜೊತೆ ಕೆಲಸ ಮಾಡಿದವನು. ಒಂದು ವರ್ಷ ಕೊಣ್ಣೂರಿನ ಸೇತುವೆಯ ಮೇಲೆ ಮಲಪ್ರಭೆ ಹರಿದಾಗ ದಂಡೆಯಲ್ಲಿ ನಿಂತು ನೋಡಿದ್ದನಾದ್ದರಿಂದ ಸಭೆಯಲ್ಲಿ ಅವನೇ ನೀರಿನ ತಜ್ಞ.

"ನೀಲಸಾಗರದಾಗ ಚಾ ದಿನಕ್ಕ ಎರಡ ಸಲ ಪುಕ್ಕಟೆ," ಅಮರೇಶ ಓದಿದ. "ಹಾಲಿ ವ್ಯವಸ್ಥಾದಾಗ?"

"ಆರು," ಎಂದ ಕಳಕೇಶ, ಖಾಲಿ ಲೋಟ ಕೆಳಗಿಡುತ್ತ.

"ಜಲರಾಣಿಯೊಳಗ ರಾತ್ರಿ ಹನ್ನೊಂದರ ಮ್ಯಾಲ ಊಟ ಕೇಳಿದ್ರ ಬ್ಯಾರೆ ರೊಕ್ಕ. ಹಾಲಿ ವ್ಯವಸ್ಥಾದಾಗ?"

"ಬೇಕಾದಾಗ ಬರತೈತಿ, ಬಿಸಿ ಬಿಸಿ."

"ಸೀ ಮಯೂರದಾಗ ಅರಿವಿ ಒಗದು ಕೊಡಾಕ ಒಂದ ದಿನ ತಗೋತಾರಂತ."

"ಬಿಡ್ರಿ ಸರ," ಎಂದ ರಮಜಾನಸಾಬ. "ಒಂದ ದಿನ ಅಂದ್ರ ಸೋಂಬೇರಿ ಮಂದಿ ಇರಬೇಕು."

ಹಾಲಿ ವ್ಯವಸ್ಥೆ ಒಳಗೆ ಮಿರ್ಚಿ ಭಜಿ ಕರಿಯುತ್ತಿತ್ತು.

ಹೀಗೆ ಒಂದೂವರೆ ತಿಂಗಳು ನಡೆಯಿತು. ಯಾವ ಸಾಲಿನಲ್ಲಿ ಹೋಲಿಸಿದರೂ ನಾಲ್ಕನೆಯ ಕಾಲಮ್ಮೇ ಗೆಲ್ಲುತ್ತ ಹೋಯಿತು. ಇಷ್ಟೊಂದು ಗೆದ್ದದ್ದಕ್ಕೆ ಎರಡು ದಿನದ ರಜೆ ಬೇಕಾಗಬಹುದೆಂದು ಹಾಳೆಯಲ್ಲಿ ಯಾರಿಗೂ ಕಾಣಲಿಲ್ಲ. ಹಡಗಿನ ಆಸೆಯೂ ಅಷ್ಟರಲ್ಲಿ ಭಾರತಿಯ ಕೈ ಬಿಟ್ಟು ಕಟ್ಟೆಗೆ ಹೋಗಿತ್ತು. "ನಮ್ಮ ಅಮರೇಶಂದು ಐಡಿಯಾ" ಎಂದು ಮಾನವ್ವ ಗಜೇಂದ್ರಗಡದ ತುಂಬ ಹೇಳಿಕೊಂಡು ಬಂದಳು. ತಾನೂ ಬರುವುದಾಗಿ ಹೆಸರು ಕೊಟ್ಟಳು. ಓಣಿಯ ಇನ್ನೂ ಎರಡು ಜೋಡಿ ಸೇರಿಕೊಂಡವು. ಕೊನೆಗೆ ಕಡಿಮೆ ದರದ ಜಲರಾಣಿಯೇ ನಿಶ್ಚಯವಾಯಿತು.

ಹಡಗು ಅಗ್ಗವಾದ ಮೇಲೆ ಬಂದರಿನ ಹಾದಿಯೂ ಅಗ್ಗವಾಗಬೇಕು. ಮತ್ತೆ ಹಾಳೆ, ಮತ್ತೆ ಭಜಿ. ಹುಬ್ಬಳ್ಳಿಯ ವಿಮಾನದಲ್ಲಿ ನೀರಿಗೂ ರೊಕ್ಕ ಕೇಳುತ್ತಾರೆಂದು ಅದನ್ನು ಹೊಡೆದು ಹಾಕಿದರು. ಗದಗಿನಿಂದ ರೈಲು ಅಗ್ಗ, ಆದರೆ ಮೆಟ್ಟಿಲು ಹತ್ತಿ ಪ್ಲಾಟ್‌ಫಾರ್ಮ್ ದಾಟಲು ಮಾನವ್ವನ ಮೊಣಕಾಲು ಒಪ್ಪಲಿಲ್ಲ. ಕಳಕೇಶನ ಮಗನ ಕಾರಿನಲ್ಲಿ ಐದೇ ಜನ. ಆಗ ಹುಬ್ಬಳ್ಳಿಯ ಪ್ರವಾಸದ ಏಜೆಂಟ್ ಗೌತಮ ಸಿಕ್ಕ. ಅವನದು ಮಿನಿಬಸ್ಸು, ಹಡಗಿನ ತಿಕೀಟನ್ನೂ ತನ್ನ ಫಾರ್ಮಿನಲ್ಲಿದ್ದ ಹೆಸರುಗಳಂತೆ ಅವನೇ ತೆಗೆಸಿಕೊಡುತ್ತಿದ್ದ. ಬಸ್ಸಿನ ಹಿಂದೆ ಪಾತ್ರೆ, ಗ್ಯಾಸಿನ ಒಲೆ, ಅಕ್ಕಿ, ಬೇಳೆ. ನೀರು ಚೆನ್ನಾಗಿರುವಲ್ಲಿ ಗಾಡಿ ನಿಲ್ಲಿಸಿ ಅಡುಗೆ ಮಾಡಿ ಉಂಡು ಮುಂದೆ ಹೋಗುವುದು. ಈ ಕಡೆಯ ಜನ ಮಂತ್ರಾಲಯಕ್ಕೂ ಪಂಢರಪುರಕ್ಕೂ ಹೋಗುವುದು ಹಾಗೆಯೇ. ಒಂಬತ್ತು ಜನ ಆದರೆ ಅಡುಗೆಯವರಿಗೆ ಒಂದು ಸೀಟು ಪುಕ್ಕಟೆ ಎಂದು ಫಾರ್ಮಿನ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿತ್ತು. ಎಲ್ಲಕ್ಕಿಂತ ಇದೇ ಅಗ್ಗ. ಅಮರೇಶ ಫಾರ್ಮು ತುಂಬಿ ಕಳಿಸಿದ.

ಹೋಗುವವರ ಹೆಸರಿನ ಯಾದಿ ಬಂದದ್ದು ಗಂಡಸರ ವಾಟ್ಸಾಪ್ ಗುಂಪಿಗೆ. ಭಾರತಿ ಅದರಲ್ಲಿರಲಿಲ್ಲ. ಗಂಡನ ಫೋನು ಹಿಡಿದುಕೊಂಡು ಮಾಬೂಬಿ ಹಿತ್ತಿಲ ಗೋಡೆಯ ಹತ್ತಿರ ಬಂದಳು.

"ಭಾರತಿ, ಯಾದಿ ನೋಡೀಯೇನ? ನಂದು ಐದನೇ ನಂಬರ. ನಿಮ್ಮ ಮಾನವ್ವಂದು ಎರಡನೇದು."

"ನಂದು ಎಷ್ಟನೇದು?"

"ನಿನಗ ನಂಬರ ಇಲ್ಲ. ಒಂಬತ್ತು ಮುಗದ ಮ್ಯಾಲ ಗೆರಿ ಎಳದಾರ. ಗೆರಿ ಕೆಳಗ ಅದಿ." ಮಾಬೂಬಿ ಓದಿದಳು. "ಅಡುಗೆಯವರು, ಭಾರತಿ."

ಭಾರತಿ ಫೋನು ಇಸಿದುಕೊಂಡು ತಾನೂ ಓದಿದಳು. ಹತ್ತನೇ ಇಯತ್ತೆ ಪಾಸಾದವಳು, ಓದಲು ತಡವಾಗಲಿಲ್ಲ. ಒಳಗೆ ಹೋಗಿ ಗಂಡನನ್ನು ಕೇಳಿದಳು.

"ಏನ್ರಿ, ನನ್ನ ಹೆಸರು ಹ್ಯಾಂಗ ಬರದೀರಿ?"

ಅಮರೇಶ ಕನ್ನಡಕ ಒರೆಸಿದ. "ಅದು ಬರೇ ಕಾಗದದ ಮ್ಯಾಲ. ಒಂದು ಕಾಲಂ ಇತ್ತು. ಖಾಲಿ ಬಿಡಬಾರದು."

"ನಿಮ್ಮ ಹೆಸರೇ ಬರಕೋಬೇಕಿತ್ತು."

"ನನಗೆಲ್ಲಿ ಅಡಗಿ ಬರತೈತಿ?"

"ಕಾಗದದ ಮ್ಯಾಲ ಬರಬೇಕಾಗಿಲ್ಲಲ್ರಿ."

"ನಿನಗ ತಿಳಿಯೂದಿಲ್ಲ. ಒಂದು ತಿಕೀಟ ಉಳೀತು ಅಂತ ಖುಷಿ ಪಡೋದು ಬಿಟ್ಟು," ಎಂದ ಅಮರೇಶ. ಪೇಪರು ಎತ್ತಿಕೊಂಡ.

ಆಕೆ ಫಾರ್ಮಿನ ಮೇಲಿದ್ದ ನಂಬರಿಗೆ ಫೋನು ಮಾಡಿದಳು. "ನಾ ರೋಣದಿಂದ ಅಡಗಿಯಾಕಿ ಮಾತಾಡತೀನ್ರಿ."

ಗೌತಮನಿಗೆ ಅಡುಗೆಯವರ ಜೊತೆ ಮಾತಾಡಿ ರೂಢಿ ಇತ್ತು, ಮರ್ಯಾದೆಯಿಂದ ಹೇಳಿದ. "ಅಕ್ಕಾರ, ಪುಕ್ಕಟೆ ಅಂದ್ರ ಬಸ್ಸಿನ ಸೀಟು ಅಷ್ಟ. ಹಡಗಿನಾಗ ಅವರದೇ ಅಡಗಿಮನಿ ಇರತೈತಿ, ನೀವು ಹತ್ತಂಗಿಲ್ಲ. ಎರಡ ದಿನ ಬಂದರದ ಹತ್ತರ ಲಾಡ್ಜಿನಾಗ ನಿಮಗೊಂದು ಖೋಲಿ ಇರತೈತಿ. ಊಟ, ನಾಷ್ಟಾ ನಮ್ಮ ಕಡಿಂದ. ಎಲ್ಲಾ ಎರಡನೇ ಪುಟದಾಗ ಬರದೈತಿ, ಓದಿಲ್ಲೇನ್ರಿ?"

ಎರಡನೇ ಪುಟವನ್ನು ಯಾರೂ ಓದಿರಲಿಲ್ಲ. ಮೂರು ಹಡಗಿನ ಟವೆಲ್ಲಿನ ಉದ್ದಗಲ ಹೋಲಿಸಿದ ಅಮರೇಶ ಒಂದು ಹಾಳೆ ತಿರುವಿ ಹಾಕಿರಲಿಲ್ಲ. ವಿಷಯ ತಿಳಿದಾಗ ಅವನ ಮುಖ ಸ್ವಲ್ಪ ಸಣ್ಣದಾಯಿತು. ಜಲರಾಣಿಗೆ ಫೋನು ಮಾಡಿದ. ಆ ದಿನದ ಕೋಣೆಗಳೆಲ್ಲ ಭರ್ತಿ. ಅವನೇ ಅಕ್ಕ-ಭಾವನ ಕೋಣೆಯಲ್ಲಿ ಮೂರನೆಯವನಾಗಿ ಮಲಗಬೇಕಿತ್ತು.

"ಮುಂದಿನ ಸಲ ನಿನ್ನ ಮೊದಲನೇ ನಂಬರಿಗೆ ಹಾಕತೀನಿ," ಎಂದ.

ಭಾರತಿ ಅಡುಗೆಮನೆಗೆ ಹೋದಳು. ಅಂದು ಪಲ್ಯಕ್ಕೆ ಉಪ್ಪು ಬೀಳಲಿಲ್ಲ. ಅಮರೇಶ ಎರಡು ತುತ್ತು ಉಂಡು, ಉಪ್ಪಿನ ಡಬ್ಬಿಯನ್ನು ತಾನೇ ಹುಡುಕಿ ತಂದ. ಅದು ಮೂವತ್ತೆರಡು ವರ್ಷವೂ ಅದೇ ಜಾಗದಲ್ಲಿತ್ತು.

ಮರುದಿನ ಕಟ್ಟೆಯ ಸಭೆ ಆಕೆಯನ್ನು ಹೊರಗೆ ಕರೆಯಿತು. ಆಕೆ ಬರದಿದ್ದರೆ ಅಡುಗೆ ಇಲ್ಲ, ಅಡುಗೆ ಇಲ್ಲದಿದ್ದರೆ ಅಗ್ಗದ ಬಸ್ಸೇ ಇಲ್ಲ.

"ವೈನಿ, ನೀವು ಒಲ್ಲೆ ಅಂದ್ರ ಮುಗೀತು," ಎಂದ ರಮಜಾನಸಾಬ.

"ನಿನಗಂತೂ ನೀರು ಅಂದ್ರ ಹೆದರಿಕಿ," ಎಂದಳು ಅಂದು ಗಂಡನ ಜೊತೆ ಬಂದಿದ್ದ ಮಾನವ್ವ. "ದಂಡಿ ಮ್ಯಾಲ ಇರೂದು ಚಲೋನ ಆತು ಬಿಡು."

"ಬರತೀನ್ರಿ ಅಕ್ಕಾರ," ಎಂದಳು ಭಾರತಿ. "ಎರಡನೇ ಪುಟ ಓದ್ರಿ, ಜೋರಾಗಿ ಓದ್ರಿ."

ಅಮರೇಶನೇ ಓದಬೇಕಾಯಿತು. ಗಾಡಿ ಎಲ್ಲಿ ನಿಲ್ಲಬೇಕೆಂದು ಹೇಳುವುದು ಅಡುಗೆಯವರು. ನೀರು ಸರಿಯಿಲ್ಲವೆಂದರೆ ಅಡುಗೆ ಇಲ್ಲ. ಪಾತ್ರೆ ತೊಳೆಯಲು ಒಬ್ಬ ಆಳನ್ನು ಗುಂಪೇ ಒದಗಿಸಬೇಕು. ಅದರ ಮುಂದೆ ಗೆರೆ ಎಳೆದು ಹೆಸರಿಗೆ ಜಾಗ ಬಿಟ್ಟಿತ್ತು.

"ಕಾಲಂ ಖಾಲಿ ಬಿಡಬಾರದಂತಲ್ರಿ ಸರ," ಎಂದಳು ಮಾಬೂಬಿ, ಗೋಡೆಯ ಆಚೆಯಿಂದ.

ಹೊರಟ ದಿನ ಅಳ್ನಾವರ ದಾಟಿದ ಮೇಲೆ ಒಂದು ಹಳ್ಳದ ದಂಡೆಯಲ್ಲಿ ಗಾಡಿ ನಿಂತಿತು. ಡ್ರೈವರ್ ರಿಯಾಜ "ಇಲ್ಲಿ ಆದೀತೇನ್ರಿ, ಅಕ್ಕಾರ?" ಎಂದು ಭಾರತಿಯನ್ನೇ ಕೇಳಿ ನಿಲ್ಲಿಸಿದ್ದ. ಅನ್ನ, ಸಾರು, ಬದನೆಕಾಯಿ ಪಲ್ಯ. ಉಂಡಾದ ಮೇಲೆ ನಿವೃತ್ತ ಕಾರ್ಯದರ್ಶಿ ಪ್ಯಾಂಟು ಮಡಚಿ ನೀರಿಗಿಳಿದ. ಅನ್ನದ ಪಾತ್ರೆಯನ್ನು ಹೊರಗಡೆಯಿಂದ ತೊಳೆಯಲು ಶುರು ಮಾಡಿದ. ಒಳಗಿನದು ತಾನಾಗಿ ಹೋಗುತ್ತದೆಂದು ಅವನ ನಂಬಿಕೆ. ಅರ್ಧ ತಾಸಾದರೂ ಹೋಗಲಿಲ್ಲ. ಕಳಕೇಶ ದಂಡೆಯ ಮೇಲೆ ನಿಂತು ಫೋಟೋ ತೆಗೆದ. ನೀರಿನ ತಜ್ಞ ಸಲಹೆ ಕೊಟ್ಟ.

ಮರುದಿನ ಬಂದರಿನಲ್ಲಿ ಒಂಬತ್ತೂ ಜನ ಹಡಗು ಹತ್ತಿದರು. ಊರಷ್ಟು ದೊಡ್ಡ ಹಡಗು. ಅದು ಹೊರಟು ಸ್ವಲ್ಪ ಹೊತ್ತಿಗೆ ಭಾರತಿಯ ಫೋನು ಬಡಿದುಕೊಂಡಿತು.

"ನನ್ನ ಬಿ.ಪಿ. ಗುಳಿಗಿ ಯಾವ ಚೀಲದಾಗ ಇಟ್ಟಿ?"

ಆಕೆ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ರೇಂಜ್ ಹೋಯಿತು. ಮತ್ತೆ ಹಚ್ಚಿದಳು, ಹತ್ತಲಿಲ್ಲ. ಫೋನು ಚೀಲಕ್ಕೆ ಹಾಕಿ ನಿಂತಳು. ಒಂಬತ್ತು ಜನರ ಹಸಿವನ್ನು ಒಟ್ಟಿಗೇ ಹೊತ್ತುಕೊಂಡು ಹಡಗು ಸಣ್ಣದಾಗುತ್ತ ಹೋಗುತ್ತಿತ್ತು.

ಲಾಡ್ಜಿನಲ್ಲಿ ಆಕೆ ಬೆಳಿಗ್ಗೆ ಹತ್ತರವರೆಗೆ ಮಲಗಿದಳು. ಐದಕ್ಕೆ ಎಚ್ಚರವಾಯಿತು, ರೂಢಿ. ಏಳಲು ಕಾರಣ ಹುಡುಕಿದಳು, ಸಿಗಲಿಲ್ಲ. ಕಸ ಹೊಡೆಯಲು ಬಂದ ಸಣ್ಣವ್ವ ರೋಣದ ಹತ್ತಿರದ ಅಸೂಟಿಯ ಕಡೆಯವಳು, ಹದಿನೈದು ವರ್ಷದಿಂದ ಇಲ್ಲೇ ದುಡಿಯುತ್ತಿರುವವಳು. ಮಾತು ಕೇಳಿ ತನ್ನ ಸೀಮೆಯವಳೆಂದು ಗುರುತು ಹಿಡಿದಳು.

"ಯಾರ ಜೋಡಿ ಬಂದೀರಿ?"

"ಯಾರ ಜೋಡಿನೂ ಇಲ್ಲ. ಎಲ್ಲಾರೂ ನೀರಿನ್ಯಾಗ ಹೋಗ್ಯಾರ."

ಸಣ್ಣವ್ವ ಕಸಬರಿಗೆ ನಿಲ್ಲಿಸಿ ಎದೆ ಮುಟ್ಟಿಕೊಂಡಳು. ಭಾರತಿ ಹಡಗು ಎಂದು ಬಿಡಿಸಿ ಹೇಳಿದಳು.

"ಹಂಗಾದ್ರ ಪುಣ್ಯಾ ಮಾಡೀರಿ," ಎಂದು ಸಣ್ಣವ್ವ ಕಸ ಹೊಡೆಯತೊಡಗಿದಳು. ಭಾರತಿಯ ಕೈ ಹಾಸಿಗೆ ಮಡಚಲು ಮುಂದಾಯಿತು. "ಬಿಡ್ರಿ ಅದನ್ನ. ನಾ ಇಲ್ಲಿ ಪಗಾರದ ಮ್ಯಾಲ ಅದೀನಿ."

ಮೂರನೇ ದಿನ ಇಳಿದು ಬಂದವರಲ್ಲಿ ದೂರುಗಳಿದ್ದವು. ಕಳಕೇಶನಿಗೆ ಹಡಗಿನ ಚಹಾದಲ್ಲಿ ಶುಂಠಿ ಇರಲಿಲ್ಲ. ಮಾನವ್ವನಿಗೆ ತಮ್ಮನ ಗೊರಕೆ. ಗುಳಿಗೆ ಅಮರೇಶನ ಕಣ್ಣೆದುರಿನ ಚೀಲದಲ್ಲೇ ಇತ್ತು, ಎರಡನೇ ದಿನ ಮಾಬೂಬಿ ತೆಗೆದುಕೊಟ್ಟಿದ್ದಳು.

"ಎಲ್ಲಾ ಇತ್ತು ಖರೇ," ಎಂದ ಅಮರೇಶ. "ಆದರ ಊಟ ಆತೇನು ಅಂತ ಕೇಳೂದಕ್ಕ ಒಬ್ಬರೂ ಇರಲಿಲ್ಲ ನೋಡ."

"ನನಗೂ ಇರಲಿಲ್ಲ," ಎಂದಳು ಭಾರತಿ. "ಭಾಳ ಚಲೋ ಅನಸ್ತು."

ತಿರುಗಿ ಬರುವಾಗ ಘಟ್ಟ ಹತ್ತಿದ ಮೇಲೆ ಹಸಿವು ಶುರುವಾಯಿತು. ರಿಯಾಜ ಒಂದು ತೊರೆಯ ಹತ್ತಿರ ಗಾಡಿಯ ವೇಗ ಇಳಿಸಿದ. "ನೀರು ಚಲೋ ಇಲ್ಲ," ಎಂದಳು ಭಾರತಿ. ತಿಳಿನೀರು ಕಲ್ಲಿನ ಮೇಲೆ ಹರಿಯುತ್ತಿತ್ತು. ಮುಂದಿನ ಬೋರವೆಲ್ಲಿನ ಹತ್ತಿರವೂ ಅದೇ ಮಾತು. ಹಿಂದಿನ ಸೀಟುಗಳಲ್ಲಿ ಗೊಣಗಾಟ ಎದ್ದಿತು. ಆದರೆ ಎರಡನೇ ಪುಟ ಎಲ್ಲರಿಗೂ ನೆನಪಿತ್ತು. ಘಟ್ಟದ ಮೇಲಿನ ರಾಮನಗರದ ಸಮೀಪ ಒಂದು ಖಾನಾವಳಿ ಕಂಡಾಗ ಆಕೆ "ಇಲ್ಲಿ ನಿಂದ್ರಸ್ರಿ" ಎಂದಳು.

ಗುಂಪಿನ ಗಾಡಿಗಳು ನಿಲ್ಲುವ ಇಂಥ ಕಡೆ ಒಂದು ರಿವಾಜು ಇದೆ. ಜನರನ್ನು ಕರೆತಂದ ಡ್ರೈವರಿಗೂ ಅಡುಗೆಯವರಿಗೂ ಮೊದಲ ಊಟ, ಪುಕ್ಕಟೆ, ಫ್ಯಾನಿನ ಕೆಳಗೆ. ಬಾಗಿಲಲ್ಲಿ ನಿಂತ ಮಾಲಕ ಕೇಳಿದ, "ಡ್ರೈವರ್ ಯಾರ್ರಿ? ಅಡಗಿಯವರು ಯಾರ್ರಿ? ಈಕಡೆ ಬರ್ರಿ. ಉಳಿದವರು ಸ್ವಲ್ಪ ತಡೀರಿ, ಮ್ಯಾಜ ಖಾಲಿ ಆಗಲಿ."

ಭಾರತಿ ಎದ್ದಳು. ಅಮರೇಶ ಸೆರಗು ಹಿಡಿದವನಂತೆ ನಡುವೆ ಬಂದ. "ಅಡಗಿಯಾಕಿ ಅಲ್ಲರಿ ಆಕಿ. ನಮ್ಮ ಮನಿಯಾಕಿ."

"ಮನಿಯವರಾದ್ರ ನಿಮ್ಮ ಜೋಡಿ ನಿಂದ್ರಬೇಕಾಗತೈತ್ರಿ," ಎಂದ ಮಾಲಕ. ಆಕೆಯ ಮುಖ ನೋಡಿದ.

"ಅಡಗಿಯಾಕಿ," ಎಂದಳು ಭಾರತಿ. ಹೋಗಿ ರಿಯಾಜನ ಎದುರಿನ ಕುರ್ಚಿಯಲ್ಲಿ ಕುಳಿತಳು.

ತಾಟು ಬಂತು. ಹೆಂಚಿನಿಂದ ಇಳಿದ ರೊಟ್ಟಿ, ಎಣ್ಣೆಗಾಯಿ, ಮೊಸರು. ಎಂಟು ಜನ ಬಾಗಿಲ ಬಳಿ ನಿಂತು ನೋಡುತ್ತಿದ್ದರು. ಒಂಬತ್ತನೆಯವಳು ಮಾಬೂಬಿ, ಅವಳು ಬಾಯಿಗೆ ಸೆರಗು ಒತ್ತಿಕೊಂಡು ಗೋಡೆ ನೋಡುತ್ತಿದ್ದಳು. ಅಷ್ಟರಲ್ಲಿ ಗಂಡಸರಿಗೂ ಒಂದು ಮೇಜು ಸಿಕ್ಕಿತು. ಕೂತ ಕೂಡಲೆ ಅಮರೇಶ ತಲೆಯೆತ್ತದೆ ಕೂಗಿದ.

"ಭಾರತಿ, ನೀರು."

ರಿಯಾಜ ಉಣ್ಣುವುದು ನಿಲ್ಲಿಸಿದ. ಭಾರತಿಯ ಕಾಲು ಮೇಜಿನ ಕೆಳಗೆ ಎದ್ದು ನಿಲ್ಲಲು ಸಿದ್ಧವಾದದ್ದು ಆಕೆಗೇ ಗೊತ್ತಾಯಿತು. ಪಾದಗಳನ್ನು ನೆಲಕ್ಕೆ ಒತ್ತಿ ಹಿಡಿದಳು.

"ಇನ್ನೊಂದು ರೊಟ್ಟಿ ಹಾಕ್ರಿ," ಎಂದಳು, ಬಡಿಸುವವನಿಗೆ. "ಬಿಸೀದು."