ತಲೆಗೆ ಹಚ್ಚುವ ಎಣ್ಣೆಯಲ್ಲಿ ಶುರುವಾದ ಚಿತ್ರ

ಮಹಡಿಯ ಬಾಡಿಗೆದಾರರು ಮನೆ ಖಾಲಿ ಮಾಡಿಕೊಂಡು ಹೋಗುವಾಗ ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆ ಬಿಟ್ಟುಹೋದರು. ಒಳಗೆ ಟೂತ್‌ಪೇಸ್ಟಿನಂಥ ಬಣ್ಣದ ಟ್ಯೂಬುಗಳು, ಕೂದಲು ಉದುರಿದ ನಾಲ್ಕಾರು ಬ್ರಷ್ಷು. ನಮ್ಮಕ್ಕ ಅದನ್ನು ಗುಜರಿಗೆ ಹಾಕಿ ಎಂದು ಭಾವನ ಕೈಗೆ ಕೊಟ್ಟಳು. ತಾನು ಮಾಡಿದ ದೊಡ್ಡ ಎಡವಟ್ಟು ಅದೇ ಎಂದು ಆಮೇಲೆ ಬಹಳ ದಿನ ಹೇಳಿಕೊಂಡು ತಿರುಗಿದಳು.

ಭಾವನದು ಕಟಿಂಗ್ ಶಾಪು. ಮುಂದಿನ ಕೋಣೆ ಅಂಗಡಿ, ಹಿಂದಿನದು ಮನೆ, ನಡುವೆ ಒಂದು ಪರದೆ. ನಾನು ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಲ್ ಬರೆಯುವವಳು. ಸಂಜೆ ಕೆಲಸ ಬಿಟ್ಟಮೇಲೆ ನೇರ ಅಕ್ಕನ ಮನೆಗೇ ಹೋಗುವುದು ರೂಢಿ. ಆವತ್ತು ಹೋದಾಗ ಭಾವ ಒಂದು ಟ್ಯೂಬನ್ನು ಬಿಸಿ ಟವೆಲ್ಲಿನಲ್ಲಿ ಸುತ್ತಿಕೊಂಡು ಕೂತಿದ್ದರು. ಗಿರಾಕಿಯ ಗಡ್ಡ ಮೆತ್ತಗೆ ಮಾಡುವ ಉಪಾಯವನ್ನೇ ಗಟ್ಟಿಹಿಡಿದ ಮುಚ್ಚಳದ ಮೇಲೂ ಪ್ರಯೋಗಿಸುತ್ತಿದ್ದರು. ಮುಚ್ಚಳ ಕಿರ್ರೆಂದು ತಿರುಗಿತು, ಹೆಬ್ಬೆರಳಿನ ಮೇಲೆ ನೀಲಿ ಬಣ್ಣ ಬಂದು ಕೂತಿತು. ಎಂಥ ನೀಲಿ ಅಂತೀರಿ! ಭಾವ ಬೆರಳನ್ನು ಬಲ್ಬಿನ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ನೋಡಿಲ್ಲಿ, ಇದಕ್ಕಿನ್ನೂ ಜೀವ ಇದೆ," ಎಂದರು.

ಆಯಿಲ್ ಪೇಂಟಿಂಗ್ ಅಂದಮೇಲೆ ಎಣ್ಣೆ ಬೇಕು ಎನ್ನುವಷ್ಟು ಅವರಿಗೆ ಗೊತ್ತಿತ್ತು. ಯಾವ ಎಣ್ಣೆ ಎನ್ನುವುದು ಗೊತ್ತಿರಲಿಲ್ಲ. ಅಂಗಡಿಯಲ್ಲಿ ಕೈಗೆಟಕುವುದು ತಲೆಗೆ ಹಚ್ಚುವ ಎಣ್ಣೆ. ಅದನ್ನೇ ಬೆರೆಸಿ ರಟ್ಟಿನ ಮೇಲೆ ಎದುರಿನ ಬೀದಿಯನ್ನು ಬರೆದರು. ಪರಿಮಳವೇನೋ ಘಮ್ಮೆಂದಿತು, ಒಣಗಬೇಕಲ್ಲ? ವಾರಗಟ್ಟಲೆ ಆದರೂ ಬೀದಿ ಹಸಿಹಸಿಯಾಗಿಯೇ ಇತ್ತು. ನೊಣಗಳು ಬಂದು ಆಕಾಶಕ್ಕೆ ಅಂಟಿಕೊಂಡವು. ಹಕ್ಕಿ ಅಂದುಕೊಳ್ಳಿ ಎಂದು ಭಾವ ಸಮಾಧಾನ ಹೇಳಿದರು. ಕೊನೆಗೊಂದು ದಿನ ಪಕ್ಕದ ಟೈಲರು ಗಡ್ಡ ಬೋಳಿಸಿಕೊಂಡು ಎದ್ದವರು ಅದಕ್ಕೇ ಒರಗಿ, ನಮ್ಮ ಇಡೀ ಬೀದಿಯನ್ನು ಹೊಸ ಶರ್ಟಿನ ಬೆನ್ನ ಮೇಲೆ ಹೊತ್ತುಕೊಂಡು ಹೋದರು.

ನಾನು ನಮ್ಮ ಅಂಗಡಿಗೆ ಬರುವ ಪೇಂಟಿಂಗ್ ಮೇಸ್ತ್ರಿಯನ್ನು ಕೇಳಿದೆ. ಅವರು ಬಿದ್ದು ಬಿದ್ದು ನಕ್ಕು, ಅಗಸೆ ಎಣ್ಣೆ ಕೊಡು, ಅದು ಒಣಗುತ್ತದೆ, ಬ್ರಷ್ ತೊಳೆಯಲು ಟರ್ಪೆಂಟೈನ್ ಕೊಡು ಎಂದರು. ಎರಡು ಬಾಟಲಿ ತಂದು ಭಾವನ ಮುಂದಿಟ್ಟಾಗ ಅವರು ಅರ್ಧ ಕತ್ತರಿಸಿದ ಗಿರಾಕಿಯ ತಲೆಯನ್ನು ಹಾಗೇ ಬಿಟ್ಟು ಬಾಟಲಿಯ ಮುಚ್ಚಳ ತೆಗೆದು ಮೂಸಿದರು. ಮುಖ ಊರಗಲವಾಗಿತ್ತು. ನಲವತ್ತು ದಾಟಿದ ಮನುಷ್ಯ ಇಷ್ಟು ಖುಷಿಪಡುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಆಮೇಲೆ ಶುರುವಾಯಿತು ನೋಡಿ. ಗಿರಾಕಿಗಳಿಗೆ ಹೊದಿಸುವ ಬಿಳಿ ಬಟ್ಟೆಯನ್ನು ಹಳೇ ಕಿಟಕಿಯ ಚೌಕಟ್ಟಿಗೆ ಮೊಳೆ ಹೊಡೆದು ಬಿಗಿದರು; ಬಣ್ಣ ಆ ಕಡೆಯಿಂದ ಈ ಕಡೆಗೆ ಇಳಿದುಹೋಯಿತು. ಮೊದಲು ಗೋಡೆಗೆ ಹೊಡೆಯುವ ಪ್ರೈಮರ್ ಬಳಿಯಬೇಕೆಂದು ತಿಳಿದದ್ದು ಆಗ. ಬೇಗ ಒಣಗಲಿ ಎಂದು ಹೇರ್ ಡ್ರೈಯರ್ ಹಿಡಿದರು. ಮೇಲೆ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿತು, ಒಳಗೆ ಹಸಿ. ಅಡಿಯಲ್ಲಿ ದಪ್ಪಗೆ ಬಳಿದು ಮೇಲೆ ತೆಳ್ಳಗೆ ಎಳೆದರು, ತಿಂಗಳೊಳಗೆ ಬಿರುಕು. ಇದ್ದಬದ್ದ ಬಣ್ಣಗಳನ್ನೆಲ್ಲ ಬೆರೆಸಿದರು, ಚರಂಡಿ ನೀರು. ಕೆಟ್ಟದ್ದನ್ನು ಹಳೇ ರೇಜರಿನಿಂದ ಹೆರೆದು ತೆಗೆಯುವುದು ಮಾತ್ರ ಅವರಿಗೆ ಯಾರೂ ಕಲಿಸಬೇಕಿರಲಿಲ್ಲ. ವಿಚಿತ್ರವೆಂದರೆ ಕೆಟ್ಟಷ್ಟೂ ಅವರ ಉತ್ಸಾಹ ಏರುತ್ತಿತ್ತು. ಯಾಕೆ ಕೆಟ್ಟಿತೆಂದು ತಲೆಗೆ ಹೊಳೆದ ಕೂಡಲೇ ಬಾಚಣಿಗೆ ಹಿಡಿದುಕೊಂಡೇ ಹಾರ್ಡ್‌ವೇರ್ ಅಂಗಡಿಗೆ ಓಡಿಬಂದು, ನಮ್ಮ ಯಜಮಾನರ ಎದುರಿಗೇ, ಗೊತ್ತಾಯ್ತು ಗೊತ್ತಾಯ್ತು ಎನ್ನುತ್ತಿದ್ದರು.

ಅಕ್ಕನಿಗೆ ಮಾತ್ರ ತಲೆ ಕೆಟ್ಟುಹೋಗಿತ್ತು. ಟರ್ಪೆಂಟೈನ್ ನಾತಕ್ಕೆ ಕಾಯಂ ಗಿರಾಕಿಗಳು ಒಬ್ಬೊಬ್ಬರೇ ಮೇಲಿನ ಬೀದಿಯ ಅಂಗಡಿಯ ದಾರಿ ಹಿಡಿಯುತ್ತಿದ್ದರು. ಅದರ ಜೊತೆಗೆ ಅವಳಿಗೊಂದು ಹಳೇ ಸಿಟ್ಟೂ ಇತ್ತು. ಭಾವ ದಿನವಿಡೀ ಗಿರಾಕಿಯ ಹಿಂದೆ ನಿಂತು ಕನ್ನಡಿ ನೋಡಿಕೊಂಡು ಮಾತಾಡಿ ಮಾತಾಡಿ, ಮನೆಯಲ್ಲೂ ಬೀರುವಿನ ಕನ್ನಡಿಗೆ ಮುಖಮಾಡಿಯೇ ಅವಳ ಜೊತೆ ಮಾತಾಡುವವರು. ಇವರು ನನ್ನ ಮುಖ ಸರಿಯಾಗಿ ನೋಡಿದ್ದು ಹೆಣ್ಣು ನೋಡೋಕೆ ಬಂದಾಗಲೇ ಕೊನೆ, ಈಗ ಆ ಬಣ್ಣ ಬೇರೆ ಬಂತು ಎಂದು ನನ್ನ ಹತ್ತಿರ ಗೊಣಗುತ್ತಿದ್ದಳು. ಅವಳು ಹೇಳುವುದರಲ್ಲಿ ಸುಳ್ಳೇನೂ ಇರಲಿಲ್ಲ.

ಒಂದು ದಿನ ಅವಳು ಪರದೆ ಸರಿಸಿ ಅಂಗಡಿಗೇ ಬಂದು ನಿಂತಳು.

"ನೋಡಿ, ಒಂದು ಮುಖ ಬರೀರಿ. ನೀವು ಹೇಳಿಕೊಡದೆ ಒಬ್ಬರಾದರೂ ಇದು ಇಂಥವರು ಅಂತ ಗುರುತು ಹಿಡೀಬೇಕು. ಹಿಡಿದ್ರೆ ಪೆಟ್ಟಿಗೆ ಇಲ್ಲೇ ಇರಲಿ, ಹಿಂದಿನ ಗೋಡೆಯೂ ನಿಮ್ಮದೇ. ಇಲ್ಲಾಂದ್ರೆ ಎಲ್ಲಾ ಗುಜರಿಗೆ."

ಭಾವ ತಕ್ಷಣ ಒಪ್ಪಿದರು. ಆ ಪೆಟ್ಟಿಗೆ ಹೋದರೆ ಈ ಮನುಷ್ಯ ಮತ್ತೆ ಬರೀ ಕತ್ತರಿಯ ಸದ್ದಾಗಿಬಿಡುತ್ತಾರೆ ಎನ್ನುವುದು ನನಗೆ ಗೊತ್ತಿತ್ತು.

ಆರಿಸಿಕೊಂಡದ್ದು ಎದುರಿನ ವಾಚ್ ರಿಪೇರಿಯವರನ್ನು. ಬೀದಿಗೆಲ್ಲ ಅವರು ವಾಚ್ ಅಣ್ಣ. ವರ್ಷಗಟ್ಟಲೆ ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಆ ಕಣ್ಣು ಸಣ್ಣದಾಗಿ, ಸುತ್ತ ಸುಕ್ಕು ಬಿದ್ದಿತ್ತು. ಎಡಗಣ್ಣು ಮಾತ್ರ ಇನ್ನೂ ಹುಡುಗನದು. ಊರಿನ ಗಡಿಯಾರಗಳನ್ನೆಲ್ಲ ಸರಿಮಾಡುವ ಈ ಮಹಾಶಯರಿಗೆ ಮರೆವು ಮಾತ್ರ ವಿಪರೀತ. ಕಟಿಂಗ್ ಮುಗಿಸಿ ಹೋದವರು ಕೊಡೆಗೋ ಕನ್ನಡಕಕ್ಕೋ ತಿರುಗಿ ಬಾರದ ದಿನವಿಲ್ಲ. ಪರದೆಯಾಚೆಯಿಂದಲೇ ಅಕ್ಕ ಇವತ್ತೇನು ಮರೆತ್ರಿ ಅಣ್ಣ ಎಂದು ಕೇಳುವುದು ಮಾಮೂಲಾಗಿಬಿಟ್ಟಿತ್ತು.

ಕಟಿಂಗ್ ಆದಮೇಲೆ ಅವರು ಅದೇ ಕುರ್ಚಿಯಲ್ಲಿ ಪೇಪರ್ ಓದುತ್ತ ಕೂರುವುದು, ಭಾವ ಎಂದಿನಂತೆ ಹಿಂದೆ ನಿಂತು ಬರೆಯುವುದು. ಚರ್ಮದ ಬಣ್ಣ ಸಿಗಲಿಲ್ಲವೆಂದು ತಮ್ಮ ಮುಂಗೈಗೇ ಚುಕ್ಕೆ ಇಟ್ಟು ಇಟ್ಟು ಹೋಲಿಸಿದರು. ಮಣಿಕಟ್ಟಿನಿಂದ ಮೊಣಕೈವರೆಗೆ ಯಾವುದೋ ಚರ್ಮರೋಗ ಬಂದವರ ಹಾಗೆ ಕಾಣುತ್ತಿದ್ದರು. ಹಳದಿಗೆ ಚೂರು ಕೆಂಪು, ಅದಕ್ಕೆ ಎಳ್ಳಷ್ಟು ಆ ಮೊದಲ ದಿನದ ನೀಲಿ. ನೀಲಿ ಬಿದ್ದ ಕೂಡಲೇ ಅಲ್ಲಿ ನಿಜವಾದ ಮಾಂಸ, ನಿಜವಾದ ನೆರಳು ಬಂತು. ಭಾವ ನನ್ನ ಕೈ ಹಿಡಿದು ಎಳೆದು ತೋರಿಸಿದರು. ನನಗೂ ಮೈ ಜುಮ್ಮೆಂದಿತು, ಯಾಕೆ ಮುಚ್ಚಿಡಲಿ.

ಚಿತ್ರ ಮುಗಿಯುವ ಹೊತ್ತಿಗೆ ವಾಚ್ ಅಣ್ಣ ಮಗಳ ಮನೆಗೆಂದು ಹೊರಟುಹೋಗಿದ್ದರು. ಭಾವ ಅದನ್ನು ಬಾಗಿಲ ಬಳಿ ಸ್ಟೂಲಿನ ಮೇಲಿಟ್ಟು, ಬಂದವರ ಬಾಯನ್ನೇ ನೋಡುತ್ತ ನಿಂತರು. ಹಾಲಿನವರು ಬಹಳ ಹೊತ್ತು ನೋಡಿ ಎಲ್ಲೋ ನೋಡಿದ ಹಾಗಿದೆ ಎಂದರು. ಟೈಲರು ತಮ್ಮ ಬೆನ್ನು ದೂರವಿಟ್ಟುಕೊಂಡೇ, ವಾಚ್ ಅಣ್ಣನಿಗೆ ತಮ್ಮ ಇದ್ದಾನೆಯೇ ಎಂದು ಕೇಳಿದರು. ನಾನೂ ನೋಡಿದೆ. ಮೂಗು ಅದೇ, ಬಾಯಿ ಅದೇ, ಕಿವಿ ಅದೇ. ಆದರೆ ಅವರಲ್ಲ. ಏನು ತಪ್ಪಿದೆ ಎಂದು ಬೆರಳಿಟ್ಟು ತೋರಿಸಲೂ ಆಗದು. ಮೊದಲ ಸಲ ಭಾವ ಎಲ್ಲಿ ಕೆಟ್ಟಿತೆಂದು ತಿಳಿಯದೆ ರೇಜರ್ ಹಿಡಿದುಕೊಂಡು ಸುಮ್ಮನೆ ಕೂತರು.

ವಾಚ್ ಅಣ್ಣ ವಾಪಸ್ ಬಂದ ದಿನ ನಾನು ಅಲ್ಲೇ ಇದ್ದೆ. ಬಾಗಿಲಲ್ಲೇ ನಿಂತುಬಿಟ್ಟರು.

"ಇದು ನಾನೇ," ಎಂದರು. "ಫೋಟೋದಲ್ಲೆಲ್ಲ ಯಾರೋ ಬೇರೆಯವರ ಥರ ಕಾಣ್ತೀನಿ. ದಿನಾ ಬೆಳಗ್ಗೆ ನಾನು ನೋಡೋ ಮುಖ ಇದೇ ನೋಡಿ."

ಭಾವನ ಮುಖ ಅರಳಿತು. ಆದರೆ ವಾಚ್ ಅಣ್ಣ ಕಟಿಂಗ್ ಮಾಡಿಸಿಕೊಂಡು ಹೋದದ್ದೇ ತಡ, ಅಕ್ಕ ಆ ಮಾತು ಲೆಕ್ಕಕ್ಕಿಲ್ಲ ಎಂದಳು. ಸ್ನೇಹಕ್ಕೆ ಹೇಳಿದ್ದು, ಅಲ್ಲದೆ ತನ್ನ ಚಿತ್ರ ಬರೆಯುತ್ತಿದ್ದಾರೆಂದು ಅವರಿಗೆ ಮೊದಲೇ ಗೊತ್ತಿತ್ತಲ್ಲ. ಅವಳ ದನಿಯಲ್ಲೂ ಗೆದ್ದ ಖುಷಿಯಿರಲಿಲ್ಲ. ಬಟ್ಟೆ ತೆಗೆದುಕೊಂಡು, ನಮ್ಮ ಕಡೆ ಬೆನ್ನು ಹಾಕಿ ಗೋಡೆಯ ದೊಡ್ಡ ಕನ್ನಡಿ ಒರೆಸತೊಡಗಿದಳು. ಭಾವ ಬ್ರಷ್ಷುಗಳನ್ನು ಒಂದೊಂದೇ ಒರೆಸಿ ಪೆಟ್ಟಿಗೆಯಲ್ಲಿ ಜೋಡಿಸಿ ಮುಚ್ಚಳ ಹಾಕಿದರು. ಆಮೇಲೆ ಭಾವ ಬಾಗಿಲಿಗೆ ಹೋಗಿ ಚಿತ್ರವನ್ನು ಎರಡೂ ಕೈಯಲ್ಲಿ ಎದೆಗೆ ಆನಿಸಿ ಎತ್ತಿಕೊಂಡು ಒಳಗೆ ತಿರುಗಿದರು.

ಅಕ್ಕ ಒರೆಸುತ್ತಲೇ, ಹಿಂದೆ ತಿರುಗದೆ, "ಇವತ್ತೇನು ಮರೆತ್ರಿ ಅಣ್ಣ, ಕನ್ನಡಕಾನಾ?" ಎಂದಳು.

ಒರೆಸುವುದು ನಿಲ್ಲಿಸಿ ಅಕ್ಕ ತಿರುಗಿದಳು. ಅಂಗಡಿಯಲ್ಲಿ ನಾನು, ಅವಳು, ಚಿತ್ರ ಹಿಡಿದ ಭಾವ ಬಿಟ್ಟರೆ ಇನ್ನೊಬ್ಬರಿರಲಿಲ್ಲ. ಅವಳು ಚಿತ್ರ ನೋಡಿದಳು, ಕನ್ನಡಿ ನೋಡಿದಳು, ಮತ್ತೆ ಚಿತ್ರ ನೋಡಿದಳು. ನಾನು ಓಡಿಹೋಗಿ ಕನ್ನಡಿಯಲ್ಲಿ ಇಣುಕಿದೆ. ಅಲ್ಲಿ ಸಾಕ್ಷಾತ್ ವಾಚ್ ಅಣ್ಣ ನಿಂತಿದ್ದರು. ಇನ್ನೇನು ಟೈಮೆಷ್ಟು ಎಂದು ಕೇಳಬೇಕು. ನೇರ ನೋಡಿದರೆ ಅವರ ತಮ್ಮ, ಕನ್ನಡಿಯಲ್ಲಿ ನೋಡಿದರೆ ಅವರೇ.

ಭಾವ ತಮ್ಮ ಹಣೆ ಹಣೆ ಬಡಿದುಕೊಂಡರು. ಗೊತ್ತಾಯ್ತು ಗೊತ್ತಾಯ್ತು ಎಂದು ಕುಣಿದುಬಿಟ್ಟರು. ಕುರ್ಚಿಯ ಹಿಂದೆ ನಿಂತು, ಕನ್ನಡಿಯಲ್ಲಿ ಕಂಡದ್ದನ್ನೇ ಅವರು ಬರೆದಿದ್ದರು. ಸುಕ್ಕಿನ ಕಣ್ಣು ಎಡಕ್ಕೂ ಹುಡುಗನ ಕಣ್ಣು ಬಲಕ್ಕೂ ಹೋಗಿ ಕೂತಿದ್ದವು. ವಾಚ್ ಅಣ್ಣನೂ ತನ್ನ ಮುಖ ನೋಡಿಕೊಳ್ಳುವುದು ಕನ್ನಡಿಯಲ್ಲೇ ತಾನೇ, ಅದಕ್ಕೇ ಅವರೊಬ್ಬರಿಗೆ ಅದು ತಾನೇ ಅನ್ನಿಸಿದ್ದು. ಅಷ್ಟು ದಿನದಿಂದ ನಮ್ಮ ಮೂಗಿನ ಕೆಳಗೇ ಇದ್ದದ್ದು ನಮಗೆ ಕಂಡಿರಲಿಲ್ಲ. ನಕ್ಕು ನಕ್ಕು ನನಗೆ ಹೊಟ್ಟೆ ಹಿಡಿದುಕೊಂಡಿತು.

ಅಕ್ಕ ಕೊಟ್ಟ ಮಾತಿಗೆ ತಪ್ಪುವವಳಲ್ಲ. ಗುರುತು ಹಿಡಿದವಳು ತಾನೇ ಎಂದು ಒಪ್ಪಿಕೊಂಡು, ಕನ್ನಡಿಯ ಎದುರಿನ ಹಿಂದಿನ ಗೋಡೆಗೆ ಮೊಳೆ ಹೊಡೆಯಲು ತಾನೇ ಸುತ್ತಿಗೆ ತಂದುಕೊಟ್ಟಳು. ಈಗ ಕುರ್ಚಿಯಲ್ಲಿ ಕೂತವರೆಲ್ಲ ತಲೆಯೆತ್ತಿ ಕನ್ನಡಿ ನೋಡಿದೊಡನೆ, ಓಹೋ ವಾಚ್ ಅಣ್ಣ ಎನ್ನುತ್ತಾರೆ.

ಚಿತ್ರ ನೇತುಹಾಕಿದ ಆ ಸಂಜೆಯೇ ಅಕ್ಕ ಹೋಗಿ ಗಿರಾಕಿಯ ಕುರ್ಚಿಯಲ್ಲಿ ಕೂತಳು. ಇನ್ನು ನನ್ನನ್ನು ಬರೆಯಿರಿ ಎಂದಳು. ಭಾವ ಸಂಭ್ರಮದಿಂದ ಪೆಟ್ಟಿಗೆ ತೆರೆದು, ಅಭ್ಯಾಸಬಲದಿಂದ ಅವಳ ಹಿಂದೆ ಹೋಗಿ ನಿಂತು ಕನ್ನಡಿ ನೋಡಿದರು. ಅಕ್ಕ ಕಾಲಿಂದ ನೆಲ ಒತ್ತಿ ಕುರ್ಚಿಯನ್ನು ಗರ್ರನೆ ಅವರ ಕಡೆಗೆ ತಿರುಗಿಸಿದಳು.

"ನನ್ನನ್ನ ಹೀಗೆ ನೋಡಿ ಬರೀರಿ," ಎಂದಳು.

ಭಾವ ಕೈಯಲ್ಲಿದ್ದ ಬ್ರಷ್ಷನ್ನು ಪೆಟ್ಟಿಗೆಯ ಮೇಲಿಟ್ಟರು. ಅವರು ಅಕ್ಕನ ಮುಖವನ್ನು ನೋಡಿದರು, ನೋಡುತ್ತಲೇ ನಿಂತರು. ಎಷ್ಟೋ ಹೊತ್ತಾದ ಮೇಲೆ ಅವಳ ಹುಬ್ಬಿನ ತುದಿಗೆ ಬೆರಳು ಮುಟ್ಟಿಸಿ ಕೇಳಿದರು.

"ಇಲ್ಲೊಂದು ಮಚ್ಚೆ ಇದೆಯಲ್ಲೇ?"

"ಹುಟ್ಟಿದಾಗಿಂದ ಇದೆ," ಎಂದಳು ಅಕ್ಕ. ಅವಳ ಕಣ್ಣು ತುಂಬಿಕೊಂಡಿತ್ತು. ಅಲ್ಲಾಡಬೇಡ ಎಂದು ಭಾವ ಗದರಿದರು. ನಾನು ಪರದೆ ಎಳೆದುಕೊಂಡು ಒಳಗೆ ಹೋಗಿ ಒಲೆಯ ಮೇಲೆ ಅನ್ನಕ್ಕಿಟ್ಟೆ.