ಆಂಬ್ರೋಸನ ಜಾಗಕ್ಕೆ ಬಂದ ಮೂರಂತಸ್ತಿನ ಮೇಜು

ಆಂಬ್ರೋಸ್ ಪೆಟಿಫರ್‌ಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು. ಹ್ಯಾವರ್ಗಲ್ ಧಣಿಯ ಮನೆಯಲ್ಲಿ ಇದು ಗೊತ್ತಿದ್ದದ್ದು ನನಗೊಬ್ಬಳಿಗೇ. ಮಿಕ್ಕವರ ಪಾಲಿಗೆ ಅವನು ಹದಿನಾರು ವರ್ಷ ಶುದ್ಧ ಕಿವುಡ. ಅವನು ಊಟದ ಕೋಣೆಯ ಆಳು. ನಾನು ಥಾಮಸಿನ್, ಬಟ್ಟೆ ಒಗೆಯುವವಳು.

ನಾನು ಆ ಮನೆಗೆ ಬಂದಾಗ ಊಟಕ್ಕೆಂದೇ ಕೋಣೆ ಇರಲಿಲ್ಲ. ಮಡಚುವ ಓಕ್ ಮೇಜು. ಎಲ್ಲಿ ಬೆಚ್ಚಗಿದೆಯೋ ಅಲ್ಲಿ ಬಿಚ್ಚಿದರಾಯಿತು. ಉಂಡೆದ್ದ ಮೇಲೆ ಮೇಜೂ ಗೋಡೆಗೆ, ಕುರ್ಚಿಯೂ ಗೋಡೆಗೆ. ಧಣಿಗೆ ಮದುವೆಯಾದದ್ದೇ ತಡ, ಕೋಣೆ ಬಂತು, ಕೋಣೆಯ ಉದ್ದಕ್ಕೂ ಮಹಾಗನಿ ಮೇಜು ಬಂತು, ಅದರ ಹಿಂದೆ ಹದಿನೆಂಟು ಕುರ್ಚಿ, ಪಕ್ಕದ ಗೋಡೆಗೆ ಬೀರು. ಬೀರುವಿನ ಒಂದು ಖಾನೆಯಲ್ಲಿ ಉಚ್ಚೆಯ ಪಾತ್ರೆ ಇರುತ್ತಿತ್ತು, ಹೆಂಗಸರು ಎದ್ದು ಹೋದಮೇಲೆ ಗಂಡಸರು ಮಾತು ನಿಲ್ಲಿಸದೆ ಅಲ್ಲೇ ಹಗುರಾಗಲಿ ಎಂದು. ದೊಡ್ಡವರ ಮರ್ಯಾದೆ ದೊಡ್ಡವರಿಗೇ ಚೆಂದ. ಹಣ್ಣು ಬರುವ ಹೊತ್ತಿಗೆ ಮೇಜಿನ ಹೊಳಪು ಕಾಣಲೆಂದು ಹಾಸುಬಟ್ಟೆ ಎಳೆದುಬಿಡುತ್ತಿದ್ದರು. ಹೊಳಪು ಅವರಿಗೆ, ಕಲೆ ನನಗೆ.

ಬಟ್ಟೆ ಎಳೆದು ವೈನ್ ಸುತ್ತು ಬಂದಮೇಲೇ ನಿಜವಾದ ಮಾತು ಹೊರಬೀಳುತ್ತಿದ್ದದ್ದು. ಗೋಡೆಗೆ ನಿಂತ ಆಳುಗಳು ಅದನ್ನೆಲ್ಲ ಕೇಳಿಸಿಕೊಂಡು ಹೆಂಡದಂಗಡಿಯಲ್ಲಿ ಹಂಚುತ್ತಿದ್ದರು. ಮೂವರನ್ನು ಓಡಿಸಿದ ಮೇಲೆ ಧಣಿ, ಇನ್ನು ಕಿವುಡನೇ ಬೇಕೆಂದು ಹಟ ಹಿಡಿದರು. ಆಂಬ್ರೋಸ್‌ಗೆ ಆಗ ಹತ್ತೊಂಬತ್ತು. ಜ್ವರ ಬಂದು ಅವನ ಎರಡೂ ಕಿವಿ ಮುಚ್ಚಿದ್ದವು. ಧಣಿ ಅವನ ಬೆನ್ನ ಹಿಂದೆ ತವರದ ತಟ್ಟೆ ಬೀಳಿಸಿ ನೋಡಿದರು, ಅಲುಗಲಿಲ್ಲ, ಸೇರಿಕೊಂಡ. ತಿಂಗಳೊಳಗೆ ಕಿವಿ ತೆರೆಯಿತು. ಹೇಳಿದರೆ ಕೆಲಸ ಹೋಗುತ್ತದೆ, ತಾಯಿ ಇದ್ದ ಮನೆಯೂ ಧಣಿಯದೇ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುತ್ತಲೇ ವರ್ಷ ಕಳೆಯಿತು. ಆಮೇಲೆ ಹೇಳುವುದೆಂದರೆ ವರ್ಷಪೂರ್ತಿ ಕದ್ದು ಕೇಳಿದೆ ಎಂದು ಒಪ್ಪಿಕೊಂಡ ಹಾಗೆ.

ಜೋಕಿಗೆ ನಗದಿರುವುದನ್ನು ಕಲಿತ. ಗುಡುಗಿಗೆ ಬೆಚ್ಚದಿರುವುದನ್ನು ಕಲಿತ. ಮಾತಾಡಿದರೆ ಎದುರಿನವರು ಉತ್ತರ ಕೊಡುತ್ತಾರೆ, ಉತ್ತರಕ್ಕೆ ಮುಖ ಬದಲಾಗುತ್ತದೆ ಎಂದು ಮಾತನ್ನೇ ಬಿಟ್ಟ. ತಾಯಿಗೂ ಹೇಳಲಿಲ್ಲ ಮಹಾನುಭಾವ. ಪಾಪದ ಹೆಂಗಸು ಸಾಯುವವರೆಗೆ ಮಗನೊಡನೆ ಕೈಸನ್ನೆಯಲ್ಲೇ ಬದುಕಿದಳು. ನನಗೆ ಇದಕ್ಕೆ ಇವತ್ತಿಗೂ ಸಿಟ್ಟಿದೆ.

ಅವನು ನನ್ನ ಕೈಗೆ ಸಿಕ್ಕಿಬಿದ್ದದ್ದು ಒಂದು ಹಾಡಿನಿಂದ. ಬಿಸಿನೀರು ಹೊತ್ತು ತರುತ್ತ ಗುನುಗುತ್ತಿದ್ದ.

"ಈ ಹಾಡು ಊರಿಗೆ ಬಂದು ಹದಿನೈದು ದಿನ ಆಗಿಲ್ಲ," ಎಂದೆ. "ಕಿವುಡಪ್ಪಂಗೆ ಯಾರು ಕಲಿಸಿದ್ರೋ?"

ಮುಖ ಸುಣ್ಣವಾಯಿತು. "ನಿನ್ನ ದಮ್ಮಯ್ಯ ಅಂತೀನಿ, ಥಾಮಸಿನ್."

ನಾನು ಯಾರಿಗೂ ಹೇಳಲಿಲ್ಲ. ಬಟ್ಟೆ ಹಿಂಡುವ ಯಂತ್ರ ಗಡಗಡ ಎನ್ನುವಾಗ ಅದರ ಮರೆಯಲ್ಲಿ ಮಾತಾಡತೊಡಗಿದೆವು. ಆರು ವರ್ಷ ಹಾಗೆ ಮಾತಾಡಿದೆವು. ಅವನಿಗೆ ನಾನು ಬೇಕಾಗಿದ್ದೆ, ನನಗೆ ಅವನು. ಆಳುಗಳು ಮದುವೆಯಾದರೆ ಆ ಮನೆಯಲ್ಲಿ ಜಾಗವಿರಲಿಲ್ಲ.

ಅಷ್ಟರಲ್ಲಿ ಬಾತ್ ಪಟ್ಟಣದಿಂದ ಹೊಸ ಮೇಜು ಬಂತು. ಒಂದು ಕಂಬ, ಒಂದರ ಮೇಲೊಂದು ಮೂರು ದುಂಡು ಹಲಗೆ, ಕೆಳಗೆ ಗಾಲಿ. ಚೀಸ್, ವೈನ್, ಶುಚಿ ತಟ್ಟೆ ಎಲ್ಲ ಅದರ ಮೇಲಿಟ್ಟು ಧಣಿಯ ಮೊಣಕೈ ಹತ್ತಿರ ತಳ್ಳಿದರೆ ಕೋಣೆಯಲ್ಲಿ ಆಳೇ ಬೇಡ.

ಅಡುಗೆಯ ಡಾರ್ಕಸ್ ಅದನ್ನೊಂದು ಸುತ್ತು ತಿರುಗಿಸಿ ನೋಡಿದಳು. "ಕುಡಿಯಲ್ಲ, ಗೊರಕೆ ಹೊಡಿಯಲ್ಲ, ಎದುರು ಮಾತಾಡಲ್ಲ. ಇದನ್ನೇ ಮದ್ವೆ ಆಗ್ಬಿಡ್ತೀನಿ ಕಣೇ."

ನಾನೂ ನಕ್ಕೆ. ನನ್ನ ನಗೆಗೆ ಬೇರೆ ಕಾರಣವಿತ್ತು. ಆಂಬ್ರೋಸನನ್ನು ಬಿಡುತ್ತಾರೆ, ಬ್ರಿಸ್ಟಲ್‌ಗೆ ಹೋಗಿ ಯಾವುದಾದರೂ ಛತ್ರದಲ್ಲಿ ಕೆಲಸ ಹಿಡಿದು ಮದುವೆಯಾಗೋಣ ಎಂದುಕೊಂಡೆ.

ಆದರೆ ಹಳೇ ಧಣಿ ಬರೆದುಕೊಟ್ಟ ನಡತೆಯ ಪತ್ರವಿಲ್ಲದೆ ಯಾರೂ ಆಳನ್ನು ಒಳಗೆ ಬಿಡುವುದಿಲ್ಲ. ಆ ಪತ್ರ ಆಗಲೇ ತಯಾರಾಗಿತ್ತು. ದೂರದ ಯಾರ್ಕ್‌ನಲ್ಲಿ ನ್ಯಾಯಾಧೀಶನಾಗಿದ್ದ ಧಣಿಯ ಭಾವಮೈದನಿಗೂ ಒಬ್ಬ ಕಿವುಡ ಬೇಕಂತೆ. ಮುಂದಿನ ವಾರವೇ ಗಾಡಿ.

"ಹದಿನಾರು ವರ್ಷದಲ್ಲಿ ಒಂದೇ ಒಂದು ಮಾತು ಕೇಳಿಸ್ಕೊಂಡೋನಲ್ಲ ಅಂತ ಬರೆದಿದಾರೆ," ಎಂದ ಆಂಬ್ರೋಸ್. "ಹೆಮ್ಮೆಯಿಂದ ಓದಿ ತೋರಿಸ್ತಿದ್ರು ಅತಿಥಿಗಳಿಗೆ."

"ಆ ಪತ್ರ ನೋಡಿ ಯಾವ ಛತ್ರದೋರು ಕೆಲಸ ಕೊಡ್ತಾರೆ? ಹೋಗಿ ನಿಜ ಹೇಳು. ಕೇಳಿಸುತ್ತೆ ಅಂತ ಬೇರೆ ಪತ್ರ ಬರೆಸ್ಕೊ. ಏನು, ನೇಣಿಗೆ ಹಾಕ್ತಾರಾ?"

"ಹೇಳ್ತೀನಿ."

"ಇವತ್ತೇ ಹೇಳ್ಬೇಕು. ಇಲ್ಲಾಂದ್ರೆ ನಾನೂ ಇಲ್ಲ, ಬ್ರಿಸ್ಟಲ್ಲೂ ಇಲ್ಲ."

"ಇವತ್ತೇ," ಎಂದ.

ಮಧ್ಯಾಹ್ನದ ಊಟ ಮುಗಿದು ಅತಿಥಿಗಳು ಹೋದಮೇಲೆ ಅವನು ಒಳಗೆ ಹೋದ. ನಾನು ಹಾಸುಬಟ್ಟೆ ಒಯ್ಯುವ ನೆಪದಲ್ಲಿ ಬಾಗಿಲ ಬಳಿ ನಿಂತೆ. ಅಷ್ಟುದ್ದ ಮೇಜಿನ ತುದಿಯಲ್ಲಿ ಧಣಿ ಒಬ್ಬರೇ ಕೂತಿದ್ದರು. ಆಂಬ್ರೋಸ್ ಬಾಯಿ ತೆರೆಯುವ ಮೊದಲೇ ಅವರು ಮಾತು ಶುರು ಮಾಡಿದರು, ಗೋಡೆಯೊಡನೆ ಆಡುವ ಹಾಗೆ.

"ಹೋಗ್ತಿದೀಯಲ್ಲೋ ಮಾರಾಯ. ಇನ್ನು ಯಾರ ಹತ್ರ ಹೇಳ್ಕೊಳ್ಳಲಿ? ಮಗು ಕೊಳದ ಕಡೆ ಹೋಗಿದ್ದು ನಾನು ಕಂಡಿದ್ದೆ. ಇದೇ ಕುರ್ಚಿಯಿಂದ, ಆ ಕಿಟಕಿಯಿಂದ. ಕುಡಿದಿದ್ದೆ, ಏಳಲಿಲ್ಲ. ಅವಳ ತಾಯಿಗೂ ಹೇಳಿಲ್ಲ. ನಿನಗೆ ನೂರು ಸಲ ಹೇಳಿದೀನಿ. ನಿನಗೆ ಕೇಳಲ್ಲ ಅನ್ನೋ ಧೈರ್ಯದ ಮೇಲೇ ಇಷ್ಟು ವರ್ಷ ಬದುಕಿದೀನಿ."

ಕೊಳದಲ್ಲಿ ಮುಳುಗಿ ಸತ್ತ ಧಣಿಯ ಮಗಳು, ಐದು ವರ್ಷದ ಆ ಹುಡುಗಿಯ ಫ್ರಾಕುಗಳನ್ನು ಒಗೆದವಳು ನಾನು. ಆಂಬ್ರೋಸ್ ಈ ಆರು ವರ್ಷದಲ್ಲಿ ನನಗೂ ಇದನ್ನು ಹೇಳಿರಲಿಲ್ಲ. ಅವನ ತುಟಿ ತೆರೆದದ್ದು ಕಂಡೆ. ಧಣಿ ಅಳುತ್ತಿದ್ದರು, ಮೂಗು ಒರೆಸಿಕೊಳ್ಳುವ ಗೊಡವೆಯೂ ಇಲ್ಲದೆ. ಅವನ ತುಟಿ ಮತ್ತೆ ಮುಚ್ಚಿತು. ಅವರು ಚಾಚಿದ ಪತ್ರವನ್ನು ತಗೊಂಡು, ತಲೆಬಾಗಿ ಹೊರಗೆ ಬಂದ.

"ಆಂಬ್ರೋಸ್," ಎಂದೆ ಮೆಲ್ಲಗೆ.

ನನ್ನನ್ನು ದಾಟಿ ಹೋದ. ನನ್ನ ತೋಳು ಅವನ ತೋಳಿಗೆ ತಗಲಿತು. ಮತ್ತೆ ಕರೆದೆ. ಅವನು ಹಜಾರದ ತುದಿ ಮುಟ್ಟುವ ಹೊತ್ತಿಗೆ ನಾಚಿಕೆ ಬಿಟ್ಟು ಕೂಗಿದೆ. ಅವನ ಹೆಜ್ಜೆ ಒಂದಿಷ್ಟೂ ತಡೆಯಲಿಲ್ಲ. ಹದಿನಾರು ವರ್ಷದ ಅಭ್ಯಾಸವನ್ನೆಲ್ಲ ನನ್ನ ಮೇಲೇ ಪ್ರಯೋಗಿಸಿದ, ಪಾಪಿ.

ಡಾರ್ಕಸ್ ಅಡುಗೆಮನೆಯಿಂದ ಇಣುಕಿದಳು. "ನಿನಗೇನು ಹುಚ್ಚೇನೇ? ಅವನಿಗೆಲ್ಲಿ ಕೇಳುತ್ತೆ, ಪಾಪ. ಸುಮ್ನೆ ಗಂಟಲು ಹರ್ಕೋಬೇಡ."

"ಹೌದಲ್ಲ," ಎಂದೆ. "ಮರೆತೇಬಿಟ್ಟಿದ್ದೆ."