ಮೋಟು ರಿವಾಲ್ವರಿಗೆ ಹೊಂದುವ ಗುಂಡು

ಆರ್ಡಿತ್ ಹ್ಯಾಲ್ವರ್ಸನ್ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು. ದಕ್ಷಿಣ ಡಕೋಟಾದ ಬಯಲಿನಲ್ಲಿ ಹಿಮಗಾಳಿ ಎದ್ದರೆ ದಾರಿ ಯಾವುದು, ಹೊಲ ಯಾವುದು ತಿಳಿಯದು. ಅಂಥದರಲ್ಲೂ ಒಂದು ಮಗುವಿಗೂ ಗೀರು ತಾಗಿಸಿದವಳಲ್ಲ. ಅರವತ್ತೆಂಟರ ಹೊತ್ತಿಗೆ ಅವಳಿಗೆ ಉಳಿದದ್ದು ಗಂಟು ಕಟ್ಟಿದ ಬೆರಳುಗಳು, ಊರಿಂದ ಆರು ಮೈಲಿಯಾಚೆಯ ಮನೆ, ತೀರಿಹೋದ ಗಂಡ ವೆಂಡೆಲ್‌ನ ಮೋಟು ನಳಿಗೆಯ ರಿವಾಲ್ವರ್.

ಆ ನವೆಂಬರಿನಲ್ಲಿ ಮನೆ ಯಾಕೋ ತನ್ನದಲ್ಲ ಅನ್ನಿಸತೊಡಗಿತು. ಚರ್ಚಿನಿಂದ ಬಂದು ಮುಟ್ಟಿದರೆ ಕಾಫಿ ಪಾತ್ರೆ ಬೆಚ್ಚಗಿರುತ್ತಿತ್ತು. ಬ್ರೆಡ್ಡಿನ ತುದಿ ತುಂಡುಗಳು ಮಾತ್ರ ಮಾಯವಾಗುತ್ತಿದ್ದವು. ಒಮ್ಮೆ ಒಣಗಿರಬೇಕಿದ್ದ ಟವಲ್ಲಿನಿಂದ ಮುಖ ಒರೆಸಲು ಹೋದವಳ ಕೆನ್ನೆಗೆ ತಣ್ಣನೆ ಒದ್ದೆ ತಾಗಿತು. ಮರೆವು ಶುರುವಾಯಿತೇನೋ ಎಂದುಕೊಂಡು ಯಾರಿಗೂ ಹೇಳಲಿಲ್ಲ. ಆದರೂ ಒಂದು ಮಂಗಳವಾರ ಹೊಲಿಗೆ ಯಂತ್ರದ ಡ್ರಾಯರಿನಿಂದ ರಿವಾಲ್ವರ್ ತೆಗೆದು, ಕೈಚೀಲದಲ್ಲಿಟ್ಟು, ಊರಿನ ಬಂದೂಕಿನ ಅಂಗಡಿಗೆ ಹೊರಟಳು.

ಅಂಗಡಿಯ ಕೊರಿನ್ ಚಿಕ್ಕವಳಿದ್ದಾಗ ಇವಳ ಬಸ್ಸಿನಲ್ಲೇ ಓಡಾಡಿದವಳು.

"ಏನ್ ಮಿಸ್ ಆರ್ಡಿತ್, ಯಾರನ್ನ ಹೊಡೀಬೇಕು ಅಂತಿದೀರಿ?"

"ನೀನು ಬಸ್ಸಲ್ಲಿ ವಾಂತಿ ಮಾಡಿದ್ದು ಇನ್ನೂ ಮರೆತಿಲ್ಲ ಕಣೇ. ಮೊದಲು ನಿನ್ನೇ! ಇದಕ್ಕೆ ಒಳ್ಳೇ ಗುಂಡು ಕೊಡು. ಅತಿ ಜೋರಿಂದೇ ಇರಲಿ."

"ಜೋರಿನ ಗುಂಡು ಉದ್ದ ನಳಿಗೆಗೆ ಸರಿ. ಈ ಎರಡಿಂಚಿನ ಮೂತೀಲಿ ಅದಕ್ಕೆ ವೇಗ ಹತ್ತೋದೇ ಇಲ್ಲ. ಬೆಂಕಿ ಉಗುಳತ್ತೆ, ಕೈ ಮುರಿಯತ್ತೆ, ಅಷ್ಟೇ. ತೂತಿನ ತಲೆಯ ಗುಂಡು ತಾಗಿದ ಮೇಲೆ ಹೂವಿನ ಹಾಗೆ ಅರಳಬೇಕು ನೋಡಿ, ವೇಗ ಕಮ್ಮಿಯಾದ್ರೆ ಅದೂ ಅರಳಲ್ಲ. ಎದುರಿನೋನು ಚಳಿಗೆ ದಪ್ಪ ಕೋಟು ಹಾಕಿದ್ರಂತೂ ಬಟ್ಟೆ ತುಂಬಿಕೊಂಡು ತೂತೇ ಮುಚ್ಚಿಹೋಗತ್ತೆ."

ಹಿಂದಿನ ಶೆಡ್ಡಿನಲ್ಲಿ ಕೊರಿನ್ ತನ್ನದೇ ಒಂದು ಮೋಟು ರಿವಾಲ್ವರ್ ಕೊಟ್ಟು ಎರಡು ಬಗೆಯನ್ನೂ ಹಾರಿಸಲು ಹೇಳಿದಳು. ಜೋರಿನದು ಆರ್ಡಿತ್‌ಳ ಮಣಿಕಟ್ಟನ್ನು ಹಿಂದಕ್ಕೆ ಒದೆಯಿತು, ಕಣ್ಣಲ್ಲಿ ನೀರು ಬಂತು. ಅದೇ ಬಗೆಯ ಎರಡನೆಯ ಗುಂಡು ಎಲ್ಲಿ ಬಿತ್ತೋ ದೇವರೇ ಬಲ್ಲ. ಆಮೇಲೆ ಚಪ್ಪಟೆ ಮೂತಿಯ ಸೀಸದ ಮೆತ್ತನೆ ಗುಂಡು. ಐದಕ್ಕೆ ಐದೂ ಕಾಗದದ ಮೇಲೆ ಅಂಗೈಯಗಲದಲ್ಲಿ ಸೇರಿದವು.

"ಇದು ಅರಳೋ ಗೋಜಿಗೇ ಹೋಗಲ್ಲ. ನೆಟ್ಟಗೆ, ಬೇಕಾದಷ್ಟು ಆಳಕ್ಕೆ ಹೋಗತ್ತೆ. ಮೂತಿ ಚಪ್ಪಟೆ ಆದ್ದರಿಂದ ಬೇಗ ಬೇಗ ಮತ್ತೆ ತುಂಬೋದು ಕಷ್ಟ, ಅದೊಂದೇ ಕೊರತೆ. ಈಗ ನಿಮ್ಮದನ್ನ ತನ್ನಿ, ಹಳೇವನ್ನ ತೆಗೀತೀನಿ."

ಕೊರಿನ್ ಐದು ಹಳೆಯ ತೋಟಾಗಳನ್ನು ಗಾಜಿನ ಮೇಲೆ ಸುರಿದಳು. ಎಲ್ಲಕ್ಕೂ ಎಣ್ಣೆ ಮೆತ್ತಿತ್ತು. ಒಂದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಅದರ ತಳದ ನಡುವೆ, ರಿವಾಲ್ವರಿನ ಸುತ್ತಿಗೆ ಬಡಿಯುವ ಜಾಗದಲ್ಲಿ, ಪುಟ್ಟದೊಂದು ಗುಳಿ ಬಿದ್ದಿತ್ತು.

"ಇದನ್ನ ಯಾರು ಹೊಡೆದದ್ದು?"

"ಯಾರೂ ಇಲ್ಲ. ವೆಂಡೆಲ್ ನನ್ನೆದುರೇ ಹೊಸದು ತುಂಬಿದ್ದ. ಅವನು ಹೋಗಿ ನಾಲ್ಕು ವರ್ಷ ಆಯ್ತು. ನಾನು ವರ್ಷಕ್ಕೊಂದು ಸಲ ಎಣ್ಣೆ ಬಿಟ್ಟು ಇಡ್ತೀನಿ, ಅಷ್ಟೇ."

"ಎಣ್ಣೆ ಒಳಗಿಳಿದು ಮದ್ದು ಸತ್ತಿದೆ. ಅದಕ್ಕೇ ಸಿಡಿದಿಲ್ಲ." ಕೊರಿನ್‌ಳ ದನಿ ಇಳಿಯಿತು. "ಮಿಸ್ ಆರ್ಡಿತ್, ಯಾರೋ ಟ್ರಿಗರ್ ಎಳೆದಿದ್ದಾರೆ. ಎಳೆದು, ವಾಪಸ್ ಇದ್ದಲ್ಲೇ ಇಟ್ಟಿದ್ದಾರೆ."

ಬೆಚ್ಚಗಿನ ಪಾತ್ರೆ, ಒದ್ದೆ ಟವಲ್ಲು, ಬ್ರೆಡ್ಡಿನ ತುದಿ ಎಲ್ಲವೂ ಒಟ್ಟಿಗೇ ನೆನಪಾಗಿ ಆರ್ಡಿತ್ ಅದನ್ನೆಲ್ಲ ಹೇಳತೊಡಗಿದಳು. ಕೊರಿನ್ ಆಗಲೇ ಶೆರಿಫ್‌ಗೆ ಫೋನು ಮಾಡುತ್ತಿದ್ದಳು.

ಶೆರಿಫ್‌ನ ಇಬ್ಬರು ಡೆಪ್ಯುಟಿಗಳು ಮಧ್ಯಾಹ್ನವೇ ಮನೆ ಹುಡುಕಿದರು. ಕೋಟು ನೇತುಹಾಕುವ ಕಪಾಟಿನ ಮೇಲೆ ಅಟ್ಟಕ್ಕೆ ಹತ್ತುವ ಹಲಗೆಯಿತ್ತು. ಅದರಾಚೆ ಅವಳದೇ ಹಳೆಯ ಕಂಬಳಿಗಳ ಹಾಸಿಗೆ. ಪಕ್ಕದಲ್ಲಿ ತೊಳೆದು ಸಾಲಾಗಿಟ್ಟ ಜಾಮಿನ ಸೀಸೆಗಳು. ಹಾಸಿಗೆ ಇದ್ದದ್ದು ಸರಿಯಾಗಿ ಅಡುಗೆಮನೆಯ ಮೇಲೆ. ಅದರಲ್ಲಿ ಮಲಗುತ್ತಿದ್ದವನು ಮಾತ್ರ ಆಗಲೇ ಪರಾರಿಯಾಗಿದ್ದ. ಮೂರನೆಯ ದಿನ ಧಾನ್ಯ ತುಂಬಿಡುವ ಪಾಳುಬಿದ್ದ ಗೋಪುರವೊಂದರಲ್ಲಿ ಆಸಾಮಿ ಸಿಕ್ಕಿದ: ಡ್ವೈಟ್ ಕ್ರೂಗರ್, ನಲವತ್ತೊಂದು ವರ್ಷ, ಮನೆಮಠವಿಲ್ಲದವನು. ಹೆಸರು ಕೇಳಿದೊಡನೆ ಆರ್ಡಿತ್‌ಗೆ ಬಸ್ಸಿನ ಕೊನೆಯ ಸೀಟಿನ ಮೂಗು ಸೋರುವ ಹುಡುಗ ಕಣ್ಣ ಮುಂದೆ ಬಂದ. ಬೇಡವೆಂದರೂ ಕೇಳದೆ ಅವಳು ಜೈಲಿಗೆ ಹೋದಳು.

ಗಾಜಿನಾಚೆ ಕೂತ ಅವನು ತಲೆ ಎತ್ತಲಿಲ್ಲ. "ನಿಮಗೆ ಕೆಡುಕು ಮಾಡೋಕೆ ಬಂದಿರ್ಲಿಲ್ಲ, ಮಿಸ್ ಆರ್ಡಿತ್."

"ಮತ್ತೆ ರಿವಾಲ್ವರ್?"

"ಅದು ನನ್ನನ್ನೇ ಮುಗಿಸ್ಕೊಳ್ಳೋಕೆ. ನೀವು ಹೊರಗೆ ಹೋಗಿದ್ರಿ. ಎಳೆದೆ, ಟಕ್ ಅಂತು ಅಷ್ಟೇ. ಇನ್ನೊಂದ್ ಸಲ ಎಳೀಬೇಕು ಅನ್ನೋವಾಗ ನಿಮ್ಮ ಕಾರಿನ ಸದ್ದು ಬಂತು. ಡ್ರಾಯರಿಗೆ ಹಾಕಿ ಮೇಲೆ ಹತ್ತಿದೆ. ನೀವು ಬಂದು ಹೆಸರು ಕರೆಯೋಕೆ ಶುರು ಮಾಡಿದ್ರಿ."

"ಯಾವ ಹೆಸರು?"

ಅವನು ಮೊದಲ ಸಲ ಅವಳನ್ನು ನೋಡಿದ. "ನಿಮಗೆ ಗೊತ್ತೇ ಇಲ್ವಾ? ಕಾಫಿ ಮಾಡ್ತಾ ಮಾಡ್ತಾ ಕರೀತೀರಲ್ಲ, ಬಸ್ಸಲ್ಲಿ ಮಕ್ಕಳ ಹಾಜರಿ ಕರೀತಿದ್ದ ಹಾಗೇ, ಒಂದಾದ ಮೇಲೊಂದು. ನನ್ನದು ಬಂದಾಗ ನಾನು ಮೇಲಿಂದ 'ಇದೀನಿ' ಅಂತಿದ್ದೆ. ಮೆಲ್ಲಗೆ. ನೀವು ಆಮೇಲೇ ಮುಂದಿನ ಹೆಸರು ಹೇಳ್ತಿದ್ರಿ."

ಅಂಥದ್ದೊಂದು ಅಭ್ಯಾಸ ತನಗಿದೆಯೆಂದು ಆರ್ಡಿತ್ ಕನಸಿನಲ್ಲೂ ಎಣಿಸಿರಲಿಲ್ಲ. ಆದರೂ ಹೊರಡುವ ಮುನ್ನ ಅಲ್ಲಿಯ ಅಧಿಕಾರಿಗೆ, "ಇವನನ್ನ ಮೊದಲು ಡಾಕ್ಟರಿಗೆ ತೋರಿಸಿ. ನಾಳೆ ಬಂದು ಕೇಳ್ತೀನಿ, ತೋರಿಸಿರಬೇಕು," ಎಂದು ಬಸ್ಸಿನ ಗದ್ದಲವನ್ನೇ ಅಡಗಿಸುತ್ತಿದ್ದ ದನಿಯಲ್ಲಿ ಹೇಳಿದಳು.

ಬಡಗಿ ಬಂದು ಅಟ್ಟದ ಹಲಗೆಗೆ ಮೊಳೆ ಹೊಡೆದ. ಚಪ್ಪಟೆ ಮೂತಿಯ ಐದು ಗುಂಡು ತುಂಬಿದ ರಿವಾಲ್ವರ್ ಬೀಗವಿರುವ ಪೆಟ್ಟಿಗೆ ಸೇರಿತು. ಮರುದಿನ ಬೆಳಿಗ್ಗೆ ಕಾಫಿ ಸುರಿಯುತ್ತಿದ್ದಾಗ ಅವಳಿಗೆ ತನ್ನದೇ ದನಿ ಕೇಳಿಸಿತು. "ಡ್ವೈಟ್," ಎಂದಿದ್ದಳು. ಕೈ ಹಾಗೇ ನಿಂತಿತು. ಮೇಲಿನಿಂದ ಏನೂ ಬರಲಿಲ್ಲ. ಮುಂದಿನ ಹೆಸರು ಬಾಯಿಗೆ ಬರಲು ಬಹಳ ಹೊತ್ತು ಹಿಡಿಯಿತು.